ತರಬೇತಿ ಪುಸ್ತಕದ ಹೆಬ್ಬೆಟ್ಟುಗಳು

ಮದ್ದೂರಿನಿಂದ ನಿಡಘಟ್ಟದ ಕಡೆ ಹೋಗುವ ರಸ್ತೆಯ ಪಕ್ಕ ಕಲ್ಯಾಣ ಮಂಟಪವೊಂದು ಏಳುತ್ತಿದ್ದಾಗ ನಾನು ಅಲ್ಲಿ ಕಾನೂನು ಪಾಲನೆಯ ಅಧಿಕಾರಿ. ಲಾ ಓದಿದವನಿಗೆ ಕೊಟ್ಟಿದ್ದ ಆ ದೊಡ್ಡ ಹೆಸರಿನ ಕೆಲಸವೆಂದರೆ ತನಿಖೆಗೆ ಬಂದವರಿಗೆ ತೋರಿಸಲು ಪುಸ್ತಕ ತುಂಬಿಸಿಡುವುದು. ಸುರಕ್ಷತಾ ಬೆಲ್ಟುಗಳು ಶೆಡ್ಡಿನಲ್ಲಿ, ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಇದ್ದವು. ಬಳಸಿದರೆ ಕೊಳೆಯಾಗುತ್ತವೆ, ತೋರಿಸಲು ಚೆನ್ನಾಗಿರುವುದಿಲ್ಲ ಎಂಬುದು ಗುತ್ತಿಗೆದಾರನ ಘನವಾದ ವಾದ.

ಪ್ರತಿ ಸೋಮವಾರ ಕೆಲಸಗಾರರಿಗೆ ತರಬೇತಿ ಕೊಡಬೇಕಿತ್ತು. ಕೊಡುತ್ತಿರಲಿಲ್ಲ. ತಿಂಗಳ ಮೊದಲ ದಿನವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅಷ್ಟೂ ಸೋಮವಾರಗಳ ಹೆಬ್ಬೆಟ್ಟನ್ನು ಒಟ್ಟಿಗೆ ಒತ್ತಿಸಿಕೊಳ್ಳುತ್ತಿದ್ದೆವು. ಈ ಉಪಾಯ ಗುತ್ತಿಗೆದಾರನದು ಎಂದು ಹೇಳಿಕೊಂಡು ಬಂದಿದ್ದೇನೆ. ನನ್ನದೇ ಇದ್ದರೂ ಇರಬಹುದು. ಇಂಕಿನ ಪ್ಯಾಡು ತಂದವನಂತೂ ನಾನೇ.

"ಯಾಕ್ ಸಾ, ಇಷ್ಟೊಂದು ಒತ್ತಿಸ್ಕತೀರಾ?" ಚಾವಣಿಗೆ ಹಲಗೆ ಕಟ್ಟುವ, ಮಳವಳ್ಳಿ ಕಡೆಯ ಸೆಂಟ್ರಿಂಗ್ ಕೆಲಸಗಾರನೊಬ್ಬ ಕೇಳಿದ. "ನಮ್ಮಪ್ಪನ ಒಲ ಗಿಲ ಬರಸ್ಕತಿಲ್ಲ ತಾನೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ತಿಂಗಳ ಎರಡನೆಯ ವಾರ ಆತನೇ ಮೇಲಿನಿಂದ ಬಿದ್ದ. ಸೊಂಟ ಮುರಿದು ಮಂಡ್ಯದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ. ಅವನ ಹೆಂಡತಿ ಪರಿಹಾರಕ್ಕೆ ಅರ್ಜಿ ಹಾಕಿದಳು. ಗುತ್ತಿಗೆದಾರನ ಉತ್ತರ ಸಿದ್ಧವಿತ್ತು: ತರಬೇತಿ ಕೊಟ್ಟಿದ್ದೇವೆ, ಬೆಲ್ಟು ಕೊಟ್ಟಿದ್ದೇವೆ, ಹಾಕಿಕೊಳ್ಳದೇ ಇದ್ದದ್ದು ಅವನ ತಪ್ಪು. ಸಾಕ್ಷಿ, ನನ್ನ ಪುಸ್ತಕ.

ಆಕೆ ಸೈಟಿಗೇ ಬಂದಳು. "ಬೆಲ್ಟು ಕೊಟ್ಟಿವ್ನಿ ಅಂತೀರಲ್ಲ, ಅದ್ಯಾವ ಬಣ್ಣ ಯೋಳಿ ನೋಡವ?"

"ಬಣ್ಣ ಕಟ್ಕೊಂಡು ನಿಂಗೇನಮ್ಮ? ಪುಸ್ತಕದಲ್ಲಿ ಐತೆ ಕಣಮ್ಮ, ಓಗು," ಎಂದ ಗುತ್ತಿಗೆದಾರ. ಬಣ್ಣ ಗೊತ್ತಿರಲು ಆ ಮಹಾಶಯ ಪೆಟ್ಟಿಗೆಯನ್ನೇ ಬಿಚ್ಚಿರಲಿಲ್ಲ. ನಾನು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಶೆಡ್ಡಿನ ಕಡೆ ನಡೆದೆ.

ವಿಚಾರಣೆಯ ದಿನ ಮಂಡ್ಯದ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಅಧಿಕಾರಿ ನಿಧಾನವಾಗಿ ನನ್ನ ಪುಸ್ತಕದ ಪುಟ ತಿರುವಿದರು.

"ಇವರು ಬಿದ್ದಿದ್ದು ಎರಡನೇ ವಾರ ಅಲ್ವೇನ್ರಿ? ಆಮೇಲಿನ ಸೋಮವಾರಗಳೂ ತರಬೇತಿಗೆ ಬಂದು ಹೆಬ್ಬೆಟ್ಟು ಒತ್ತಿದ್ದಾರಲ್ಲ. ಮಂಚದ ಸಮೇತ ಬಂದಿದ್ರಾ?"

ಗುತ್ತಿಗೆದಾರ ನನ್ನತ್ತ ತಿರುಗಿದ. ನಾನು ಮೇಜಿನ ಕಾಲು ನೋಡುತ್ತಿದ್ದೆ. ಹೊರಗೆ ಬಂದ ಮೇಲೆ ಉಗಿದ: "ಓದ್ದೋನು ಅಂತ ಇಟ್ಕಂಡ್ನಲ್ಲ, ಆ ಆಳೆ ಕಿತ್ತಾಕಕ್ಕೆ ಆಗ್ನಿಲ್ವೇನ್ಲಾ?"

ಪರಿಹಾರದ ಆದೇಶವಾಯಿತು. ನನ್ನ ಕೆಲಸ ಹೋಯಿತು. ವಿಚಾರಣೆಯ ಹಿಂದಿನ ದಿನ ಆ ಪುಸ್ತಕ ತಿರುವಿ ಹಾಕಿದ್ದು ನೆನಪಿದೆ. ಆ ಹಾಳೆ ಕಣ್ಣಿಗೆ ಬಿತ್ತೇ, ಬಿದ್ದೂ ಬಿಟ್ಟೆನೇ, ಖಚಿತವಿಲ್ಲ. ಬೇಕೆಂದೇ ಬಿಟ್ಟೆ ಎಂದು ಕೆಲವರ ಮುಂದೆ ಕೊಚ್ಚಿಕೊಂಡಿದ್ದೇನೆ. ನನ್ನ ಸೋಮಾರಿತನ ಬಲ್ಲವನು ನಾನು. ಬಿಟ್ಟದ್ದಕ್ಕಿಂತ ನೋಡದೇ ಹೋದದ್ದೇ ಹೆಚ್ಚು ಸಂಭವ.

ಆದೇಶದ ಪ್ರತಿ ಹಿಡಿದು ಮದ್ದೂರು ಬಸ್ ನಿಲ್ದಾಣದಲ್ಲಿ ಎದುರಾದ ಆಕೆ ಕೈ ಮುಗಿದಳು. "ಬೇಕು ಅಂತ್ಲೇ ಆ ಆಳೆ ಬುಟ್ರಂತಲ್ಲ ಸಾಮಿ, ನಿಮ್ಮೊಟ್ಟೆ ತಣ್ಣಗಿರ್ಲಿ."

ನಾನು ಅಲ್ಲವೆನ್ನಲಿಲ್ಲ.