ಶಾಂತವ್ವನ ಕೈಗೆ ಹಚ್ಚಿದ ಜೇನು

ಶಾಂತವ್ವನ ಸುಟ್ಟ ಕೈಗೆ ನಾನು ಜೇನು ಹಚ್ಚಿದ್ದು ಅವಳ ಕೈ ಉಳಿಸಲು ಅಲ್ಲ, ನನ್ನ ಮೆಸ್ ಉಳಿಸಿಕೊಳ್ಳಲು. ಈ ಒಂದು ಮಾತು ಬಾಯಿಂದ ಹೊರಬೀಳಲು ಇಷ್ಟು ವರ್ಷ ಬೇಕಾಯಿತು — ನೆನೆದರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಅಮೀರ್‌ಪೇಟ್‌ನಲ್ಲಿ ಕೋಚಿಂಗ್‌ಗೆ ಬರುವ ಹುಡುಗಿಯರಿಗಾಗಿ ಮೆಸ್ ನಡೆಸುತ್ತಿದ್ದೆ. ಯಾದಗಿರಿ ಕಡೆಯ ಶಾಂತವ್ವ ಅಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ರೊಟ್ಟಿಗಾಗಿ ಬೇರೆ ಹಾಸ್ಟೆಲಿನವರೂ ಬರುತ್ತಿದ್ದರು. ಮೆಸ್ಸಿಗೆ ವ್ಯಾಪಾರದ ಸಿಲಿಂಡರನ್ನೇ ಬಳಸಬೇಕೆಂಬ ಕಾನೂನಿದೆ. ಅದು ದುಬಾರಿ. ನಾನು ನೆಂಟರ ಹೆಸರಿನಲ್ಲಿ ಮನೆಬಳಕೆಯ ಕೆಂಪು ಸಿಲಿಂಡರುಗಳನ್ನು ತರಿಸಿ ದೊಡ್ಡ ಒಲೆಗೆ ಜೋಡಿಸುತ್ತಿದ್ದೆ. ರಬ್ಬರ್ ಪೈಪು ಬಿರುಕು ಬಿಟ್ಟಿದೆ ಎಂದು ಶಾಂತವ್ವ ಹೇಳಿದ್ದಳು. ನಾಳೆ ನೋಡೋಣ ಎಂದಿದ್ದೆ. ಆ ನಾಳೆ —

ಬೆಂಕಿ ಪೈಪಿನಿಂದ ಚಿಮ್ಮಿ ಅವಳ ಬಲಗೈಯನ್ನು ಹಿಡಿಯಿತು. ಗ್ಯಾಸ್ ಬಂದ್ ಮಾಡಿದೆ, ಕೈಮೇಲೆ ನೀರು ಸುರಿದೆ. ಅಲ್ಲಿಯವರೆಗೆ ನಾನು ಮನುಷ್ಯಳಾಗಿದ್ದೆ. ಆಮೇಲೆ ಯೋಚಿಸತೊಡಗಿದೆ. ಆಸ್ಪತ್ರೆಗೆ ಹೋದರೆ ಹೇಗೆ ಸುಟ್ಟಿತು ಎಂದು ಕೇಳುತ್ತಾರೆ, ಪೊಲೀಸರಿಗೆ ತಿಳಿಸುತ್ತಾರೆ, ಪೊಲೀಸರು ಅಡುಗೆಮನೆಗೇ ಬರುತ್ತಾರೆ.

"ದವಾಖಾನಿಗೆ ಹೋಗೂಣೇನ್ರಿ ಅಕ್ಕಾರ? ಭಾಳ ಉರಿಯಾಕತ್ತೈತ್ರಿ," ಎಂದಳು.

"ದವಾಖಾನಿ ಯಾಕ? ಜೇನಿಗಿಂತ ದೊಡ್ಡ ಔಷಧ ಯಾವುದೈತಿ?" ಎಂದೆ.

ಬೆಳಿಗ್ಗೆ ನಿಂಬೆರಸಕ್ಕೆ ಹಾಕಿಕೊಳ್ಳಲು ತಂದಿಟ್ಟ ಕಿರಾಣಿ ಅಂಗಡಿಯ ಜೇನು ಅದು. ಅದನ್ನೇ ಹಚ್ಚಿ ಹಳೆ ಸೀರೆಯ ಬಟ್ಟೆ ಸುತ್ತಿದೆ. ಅವಳು ಹಲ್ಲು ಕಚ್ಚಿಕೊಂಡು ಕೂತಳು — ನನ್ನನ್ನು ನಂಬಿ.

ಜೇನಿನ ಮೇಲೆ ನನಗೆ ಸಿಟ್ಟಿಲ್ಲ. ಮುಂದೊಮ್ಮೆ ಒಬ್ಬ ಡಾಕ್ಟರನ್ನು, ಯಾರದೋ ಕಥೆಯೆಂಬಂತೆ, ಕೇಳಿದೆ. ಸುಟ್ಟ ಗಾಯಕ್ಕೆ ಜೇನಿನ ಪಟ್ಟಿ ಕಟ್ಟುವುದುಂಟು, ಆದರೆ ಅದಕ್ಕೆಂದೇ ಶುದ್ಧ ಮಾಡಿದ ಜೇನು ಬೇಕು, ಗಾಯ ಎಷ್ಟು ಆಳವಾಗಿದೆ ಎಂದು ಮೊದಲು ನೋಡಬೇಕು ಎಂದರು. ನೋಡುವವರ ಹತ್ತಿರಕ್ಕೇ ನಾನು ಅವಳನ್ನು ಬಿಟ್ಟಿರಲಿಲ್ಲವಲ್ಲ!

ಗಾಯ ಮಾಯಿತು. ಮಾಯಿತು ಎಂದರೆ — ಚರ್ಮ ಬಿಗಿದು ಬೆರಳುಗಳು ಅಂಗೈಗೆ ಮಡಚಿಕೊಂಡವು. ಆ ಕೈಯಲ್ಲಿ ರೊಟ್ಟಿ ಬಡಿಯಲು ಮತ್ತೆ ಆಗಲಿಲ್ಲ. ಅವಳು ಊರಿನ ಇನ್ನೊಂದು ತುದಿಯ ಲಿಂಗಂಪಲ್ಲಿಯಲ್ಲಿ ಗಾರೆ ಕೆಲಸ ಮಾಡುವ ಮಗನ ಹತ್ತಿರ ಹೋಗಿಬಿಟ್ಟಳು. ನಾನು? ಆಸ್ಪತ್ರೆಯ ಮೆಟ್ಟಿಲು ಹತ್ತದೆ ವಾಸಿ ಮಾಡಿದೆ ಎಂದು ಕಂಡಕಂಡವರಿಗೆ ಹೇಳಿಕೊಂಡೆ. ಜೇನು ಹಚ್ಚದಿದ್ದರೆ ಕೈಯೇ ಹೋಗುತ್ತಿತ್ತೆಂದು ಶಾಂತವ್ವನನ್ನೂ ನಂಬಿಸಿದ್ದೆ. ಹುಡುಗಿಯರು ಹೊಗಳಿದರು, ಹಿಗ್ಗಿದೆ. ನಾಚಿಕೆಗೆಟ್ಟವಳು! ಈಗ ಯಾರಾದರೂ "ಪಾಪ, ಒಳ್ಳೇದಕ್ಕೇ ಮಾಡಿದ್ರಿ" ಎಂದರೆ ಅವರ ಬಾಯಿ ಮುಚ್ಚಿಸಬೇಕೆನಿಸುತ್ತದೆ. ಒಳ್ಳೆಯದಕ್ಕೆ ಮಾಡಲಿಲ್ಲ. ಗೊತ್ತಿದ್ದೇ ಮಾಡಿದೆ.

ಮೊನ್ನೆ ಶಾಂತವ್ವನ ಫೋನ್ ಬಂತು. ಹಿಂದೆ ಮಗು ಚೀರುತ್ತಿತ್ತು.

"ಅಕ್ಕಾರ, ಮೊಮ್ಮಗಳ ಕಾಲಮ್ಯಾಲೆ ಕುದಿಯೋ ಬ್ಯಾಳಿ ಚೆಲ್ಲೇತ್ರಿ. ಮಗ ದವಾಖಾನಿ ಅಂತಾನ. ನಾ ಅಂದೆ, ನಮ್ಮ ಅಕ್ಕಾರ ಜೇನು ಹಚ್ಚಿ ನನ್ನ ಕೈ ಉಳಿಸ್ಯಾರ. ಅದು ಯಾವ ಜೇನ್ರಿ?"

ಸುಮ್ಮನೆ "ಆಸ್ಪತ್ರೆಗೆ ಹೋಗು" ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅವಳು ಕೇಳುತ್ತಿರಲಿಲ್ಲ; ನನ್ನ ಸುಳ್ಳನ್ನು ಅಷ್ಟು ಗಟ್ಟಿಯಾಗಿ ನಂಬಿದ್ದಳು.

"ಈಗಿಂದೀಗ ಕೂಸಿನ್ನ ದವಾಖಾನಿಗೆ ಕರಕೊಂಡು ಹೋಗು. ನಿನ್ನ ಕೈ ನಾ ಉಳಿಸಿಲ್ಲ ಶಾಂತವ್ವ, ಕೆಡಿಸೀನಿ. ಪೊಲೀಸರು ಬಂದು ಸಿಲಿಂಡರ್ ನೋಡ್ತಾರಂತ ಹೆದರಿ ನಿನ್ನನ್ನ ಮನ್ಯಾಗ ಇಟಗೊಂಡೆ."

ಅವಳು ಮಗನಿಗೆ ಆಟೋ ತಾ ಎಂದು ಕೂಗಿದಳು. ಫೋನ್ ಕಟ್ಟಾಯಿತು.

ನಿನ್ನೆ ಬಂದಳು. ಮಗುವಿನ ಕಾಲಿಗೆ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದ್ದಾರೆ, ನಡೆಯಲು ತೊಂದರೆಯಿಲ್ಲ ಅಂದಿದ್ದಾರೆ ಎಂದು ನಿಂತುಕೊಂಡೇ ಹೇಳಿದಳು. ಅಕ್ಕಾರ ಎನ್ನಲಿಲ್ಲ. ನೀರು ಕೊಟ್ಟರೆ ಮುಟ್ಟಲಿಲ್ಲ. ಬೆರಳು ಮಡಚಿದ ಬಲಗೈಯನ್ನು ನನ್ನ ಮುಖದ ಮುಂದೆ ಚಾಚಿದಳು.

"ಬಿಡಸು," ಎಂದಳು.

ಕ್ಷಮಿಸು ಎನ್ನಲು ಬಾಯಿ ತೆರೆದೆ.

"ಬಾಯಿ ಬ್ಯಾಡ. ಬಿಡಸು."

ಎರಡೂ ಕೈಯಿಂದ ಆ ಬೆರಳುಗಳನ್ನು ಹಿಡಿದು ಬಿಡಿಸಲು ನೋಡಿದೆ. ಬರಲಿಲ್ಲ. ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.