ಬಚ್ಚಲಿಗೆ ಬಾರದ ಬಿಸಿನೀರು

ಚೆಂಬು ಅಕ್ಕನ ಹಣೆಗೆ ಬಡಿದ ಸದ್ದು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ನನಗೂ ಕೇಳಿಸಿತು. ಓಡಿ ಬಂದು ನೋಡಿದರೆ ಭಾವ ಒದ್ದೆ ಮೈಗೆ ಟವೆಲ್ ಸುತ್ತಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ಅಕ್ಕ ನೆಲದ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಹಣೆ ಒತ್ತಿಕೊಂಡಿದ್ದಳು. ಬೆರಳ ಸಂದಿಯಿಂದ ಇಳಿದ ರಕ್ತ ಮೊರದಲ್ಲಿದ್ದ ರಾಗಿ ಹಿಟ್ಟಿಗೆ ತೊಟ್ಟಿಕ್ಕುತ್ತಿತ್ತು.

"ಯಾವೋಳೇ ನೀರೆಲ್ಲಾ ಖಾಲಿ ಮಾಡ್ದೋಳು? ಈ ಚಳೀಲಿ ತಣ್ಣೀರು ಉಯ್ಕಂಡು ಸಾಯ್ಲಾ ನಾನು?"

"ಯಾರೂ ಮುಟ್ಟಿಲ್ಲ ಭಾವಾ. ಸೋಲಾರೇ ಕಾಯ್ತಿಲ್ಲ ಅನ್ಸುತ್ತೆ," ಎಂದೆ.

"ನಿನ್ನ ಕೇಳ್ದೋರು ಯಾರು?" ಎಂದು ಅವರು ಬಾಗಿಲನ್ನು ಒದ್ದ ರಭಸಕ್ಕೆ ಮೇಲಿನ ಕೀಲು ಕಿತ್ತು ಬಂತು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ಬೂದಿಕೋಟೆ ರಸ್ತೆಯ ನಮ್ಮ ಹಳ್ಳಿಯ ಮನೆಯಲ್ಲಿ ನಾವಿಬ್ಬರು ಓರಗಿತ್ತಿಯರು, ಅತ್ತೆ, ಇಬ್ಬರು ಗಂಡಸರು. ನನ್ನ ಗಂಡ ಬೆಳಗಿನ ರೈಲು ಹಿಡಿದು ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಭಾವ ಸ್ವಂತ ಟೆಂಪೋದಲ್ಲಿ ತರಕಾರಿ ತುಂಬಿಕೊಂಡು ಬಂಗಾರಪೇಟೆಗೆ ಹೋಗಿ ಬರುತ್ತಿದ್ದರು. ಅವರು ಕುಡಿಯುತ್ತಿರಲಿಲ್ಲ. ಕುಡಿದು ಹೊಡೆಯುತ್ತಾರೆ ಎಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಮೈಯೊಳಗೇ ಏನೋ ಒಂದು ಸಿಟ್ಟು ಕುದಿಯುತ್ತಿತ್ತು. ಒಮ್ಮೆ ಹಾಲಿನ ಕ್ಯಾನ್ ಉರುಳಿಸಿದ್ದಕ್ಕೆ ಎಳೆಗರುವನ್ನು ಅದು ಮಂಡಿಯೂರುವವರೆಗೂ ಹಗ್ಗದಲ್ಲಿ ಬಾರಿಸಿದ್ದರು. ಬಿಡಿಸಲು ಹೋದ ಅಕ್ಕನ ತೋಳಿನ ಮೇಲೂ ಬಾಸುಂಡೆ ಎದ್ದಿತ್ತು.

ಅತ್ತೆ ಹಣೆಯ ಗಾಯಕ್ಕೆ ಅರಿಶಿನ ಮೆತ್ತಿ, "ಸುಮ್ಕಿರಮ್ಮಾ, ಆಮೇಕೆ ಅವ್ನೇ ಸರಿಯೋಗ್ತಾನೆ" ಎಂದರು. ಅಕ್ಕ ಆಗಲೂ ಅಳಲಿಲ್ಲ.

ಆ ದಿನವೇ ನಾವಿಬ್ಬರೂ ತಾರಸಿ ಹತ್ತಿದೆವು. ಸೋಲಾರಿನ ಗಾಜಿನ ಕೊಳವೆಗಳ ಮೇಲೆ ರಸ್ತೆಯ ಕೆಂಧೂಳು ದಪ್ಪಗೆ ಕೂತಿತ್ತು. ಅದರಿಂದಲೇ ಇರಬೇಕೆಂದು ಒದ್ದೆ ಬಟ್ಟೆಯಲ್ಲಿ ಒಂದೊಂದನ್ನೂ ಉಜ್ಜಿದೆವು. ಯಾವುದೂ ಒಡೆದಿರಲಿಲ್ಲ. ಮಾರನೆಯ ಬೆಳಿಗ್ಗೆ ನಲ್ಲಿಯಲ್ಲಿ ಮತ್ತೆ ಉಗುರುಬೆಚ್ಚಗಿನ ನೀರೇ ಬಂತು. ಭಾವ ಬಕೆಟ್ಟನ್ನು ಅಂಗಳಕ್ಕೆ ಎಸೆದರು. ಅದು ಸೀಳಿಹೋಯಿತು. ಆಮೇಲೆ ಅಡುಗೆಮನೆಗೆ ಬಂದು ಅಕ್ಕನ ಕಪಾಳಕ್ಕೆ ಬಿಗಿದರು. ನಾನು ಸೌಟು ಹಿಡಿದುಕೊಂಡು ನಿಂತೇ ಇದ್ದೆ.

ಟೆಂಪೋ ಹೊರಟ ಸದ್ದು ದೂರವಾದ ಮೇಲೆ ಅಕ್ಕ, "ಬಾಮ್ಮೀ, ಇವತ್ತು ಇದೇನು ನೋಡೇ ಬುಡಣ" ಎಂದಳು.

ಬಿಸಿಲು ಏರಿದ ಮೇಲೆ ಮತ್ತೆ ಹತ್ತಿದೆವು. ಟ್ಯಾಂಕಿನಿಂದ ಹೊರಡುವ ಪೈಪು ಮುಟ್ಟಿದರೆ ಬೆರಳು ಚುರ್ ಎಂದಿತು. ನೀರು ಕಾಯುತ್ತಿದೆ, ಬಚ್ಚಲಿಗೆ ಬರುವುದರೊಳಗೆ ಏನೋ ಆಗುತ್ತಿದೆ. ಅಕ್ಕ ಯೋಚಿಸಿ, ಬಚ್ಚಲಿಗೆ ಇಳಿಯುವ ತಣ್ಣೀರಿನ ಪೈಪಿನ ವಾಲ್ವ್ ಮುಚ್ಚಿದಳು. "ಕೆಳಗೋಗಿ ಬಿಸಿನೀರು ತಿರುವು" ಎಂದಳು. ತಿರುಗಿಸಿದೆ. ಮೊದಲು ಬೆಚ್ಚಗೆ, ಆಮೇಲೆ ಹಬೆಯಾಡುವ ನೀರು ಸುರಿಯಿತು.

"ಅಕ್ಕಾ, ಸುಡ್ತೈತೆ!" ಎಂದು ಕೂಗಿದೆ.

ಅವಳು ಮೇಲೆ ವಾಲ್ವ್ ತೆರೆದಳು. ಸ್ವಲ್ಪ ಹೊತ್ತಿಗೆ ಅದೇ ನಲ್ಲಿಯ ನೀರು ತಣ್ಣಗಾಯಿತು. ತಣ್ಣೀರು ಎಲ್ಲೋ ಬಿಸಿನೀರಿನ ಪೈಪಿಗೆ ನುಗ್ಗುತ್ತಿತ್ತು. ನಮ್ಮ ಬಚ್ಚಲಲ್ಲಿ ಎರಡೂ ಪೈಪು ಸೇರುವ ಜಾಗ ಒಂದೇ: ಶವರಿನ ಮಿಕ್ಸರ್. ಅದರ ಮುಖ ಜಜ್ಜಿಹೋಗಿ ಹಿಡಿಕೆ ವಾಲಿಕೊಂಡಿತ್ತು.

ಕೆಳಗಿಳಿದು ಬಂದ ಅಕ್ಕ ಅದನ್ನೇ ನೋಡುತ್ತಾ ನಿಂತಳು. "ಶವರ್ ಬತ್ತಿಲ್ಲಾ ಅಂತ ಅವತ್ತು ಪಾನಾ ತಕಂಡು ಇದನ್ನ ಚಚ್ಚುದ್ರಲ್ಲಾ, ಒಳಗೆ ಒಡ್ದೋಗೈತೆ ಕಣೇ. ಆಳ್ಮಾಡ್ದೋರು ಅವ್ರು, ಏಟು ನಂಗೆ" ಎಂದಳು. ನಕ್ಕಳು ಕೂಡ. ಆ ನಗು ಕೇಳಿ ನನಗೆ ಹೆದರಿಕೆಯಾಯಿತು.

ಮತ್ತೆ ತಾರಸಿಗೆ ಹೋಗಿ ಬಿಸಿನೀರು, ತಣ್ಣೀರು ಎರಡರ ವಾಲ್ವ್‌ಗಳನ್ನೂ ಮುಚ್ಚಿ, ಷೆಡ್ಡಿನಿಂದ ಪೈಪ್ ತಿರುಗಿಸುವ ಕಬ್ಬಿಣದ ಪಾನಾ ತಂದಳು. ಮಿಕ್ಸರ್ ಬಿಚ್ಚಿ, ಎರಡೂ ಪೈಪಿನ ಬಾಯಿ ಮುಚ್ಚಿಬಿಟ್ಟರೆ ನಲ್ಲಿಗಾದರೂ ಬಿಸಿನೀರು ಬರುತ್ತದೆ ಎಂಬುದು ಅವಳ ಲೆಕ್ಕ. ಮಿಕ್ಸರ್ ಗೋಡೆಯಿಂದ ಕಳಚುವ ಹೊತ್ತಿಗೆ ಹಿಂದೆ ನೆರಳು ಬಿತ್ತು. ಆ ದಿನ ಭಾವ ಬೇಗ ಬಂದುಬಿಟ್ಟಿದ್ದರು.

"ಯಾರನ್ನ ಕೇಳಿ ಬಿಚ್ಚುದ್ಯೇ?"

"ನೀವು ಒಡ್ದಾಕಿದ್ದಕ್ಕೇ ನೀರು ತಣ್ಣಗಾಗ್ತಿರೋದು. ಬನ್ನಿ, ನೋಡಿ" ಎಂದಳು ಅಕ್ಕ.

ಅವರು ನೋಡಲಿಲ್ಲ. ಅವಳ ತುರುಬಿಗೆ ಕೈ ಹಾಕಿ ತಲೆಯನ್ನು ಗೋಡೆಗೆ ಗುದ್ದಿದರು. ಅರಿಶಿನದ ಪಟ್ಟು ಉದುರಿ ಗಾಯ ಬಾಯಿಬಿಟ್ಟಿತು. ನಾನು ಹಿಂದಿನಿಂದ ಅವರ ಅಂಗಿ ಹಿಡಿದು ಎಳೆದೆ. ಅವರು ಒದ್ದ ಒದೆಗೆ ಹೊಸ್ತಿಲಾಚೆ ಬಿದ್ದೆ. ಎರಡನೆಯ ಸಲ ಗುದ್ದಲು ಅವರು ಅವಳ ತಲೆಯನ್ನು ಹಿಂದಕ್ಕೆ ಎಳೆದಾಗ, ಅಕ್ಕ ಕೈಯಲ್ಲಿದ್ದ ಪಾನಾ ಬೀಸಿದಳು. ಅದು ಅವರ ಮಣಿಕಟ್ಟಿಗೆ ಬಿತ್ತು. ಹಸಿ ಕೊಂಬೆ ಮುರಿದಂಥ ಸದ್ದು. ಭಾವ ಕೂಗಿದ್ದು ಆಮೇಲೆ. ಅಕ್ಕ ಇನ್ನೊಮ್ಮೆ ಪಾನಾ ಎತ್ತಿದಳು.

"ಬ್ಯಾಡಕ್ಕಾ!" ಎಂದು ನಾನು ಅವಳ ಸೊಂಟ ತಬ್ಬಿಕೊಂಡೆ. ಅವಳ ಎದೆ ಏದುಸಿರಿಗೆ ಎದ್ದು ಬೀಳುತ್ತಿತ್ತು. ನೆಲದ ಮೇಲೆ ಕೂತು ನರಳುತ್ತಿದ್ದ ಗಂಡನನ್ನು ಬಹಳ ಹೊತ್ತು ದಿಟ್ಟಿಸಿ, ಪಾನಾವನ್ನು ಮೂಲೆಗೆ ಇಟ್ಟಳು.

ಆಟೋದಲ್ಲಿ ಕೆಜಿಎಫ್‌ನ ಆಸ್ಪತ್ರೆಗೆ ಮೂವರೂ ಹೋದೆವು. ಡಾಕ್ಟರಮ್ಮ ಮೊದಲು ತಮಿಳಲ್ಲಿ, ಆಮೇಲೆ ಕನ್ನಡದಲ್ಲಿ, ಪೆಟ್ಟು ಹೇಗಾಯಿತೆಂದು ಕೇಳಿದರು.

"ಬಚ್ಚಲಲ್ಲಿ ಜಾರಿಬಿದ್ದೆ" ಎಂದರು ಭಾವ.

"ಜಾರಿಬಿದ್ದಿಲ್ಲ ಡಾಕ್ಟ್ರೇ. ನಾನೇ ಒಡ್ದಿದ್ದು" ಎಂದಳು ಅಕ್ಕ.

ಡಾಕ್ಟರಮ್ಮ ಅವಳ ಹಣೆ ನೋಡಿದರು. "ಮತ್ತೆ ಇದು?"

"ಇದು ಅವ್ರು ಒಡ್ದಿದ್ದು."

ಇಷ್ಟು ವರ್ಷಗಳಲ್ಲಿ ಹೊರಗಿನವರ ಮುಂದೆ ಆ ಮಾತನ್ನು ನಮ್ಮ ಮನೆಯವರು ಯಾರೂ ಆಡಿರಲಿಲ್ಲ. ಭಾವ ತಲೆ ತಗ್ಗಿಸಿದರು. ಪೊಲೀಸರಿಗೆ ತಿಳಿಸಬೇಕೇ ಎಂದು ಕೇಳಿದಾಗ ಇಬ್ಬರೂ ಬೇಡವೆಂದರು. ನನಗೆ ಬೇಕೆನ್ನಿಸಿತ್ತು, ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಹೊಲಿಗೆ ಹಾಕಿಸಿಕೊಂಡು ಹೊರಗೆ ಬಂದ ಅಕ್ಕ ಆಟೋ ಹತ್ತಲಿಲ್ಲ. ಅವಳ ಸ್ವಂತ ಅಕ್ಕ ಅದೇ ಊರಿನ ಕೋರಮಂಡಲ್ ಬಡಾವಣೆಯಲ್ಲಿ, ಹಳೆಯ ಗಣಿ ಕಾರ್ಮಿಕರ ಮನೆಯೊಂದರಲ್ಲಿದ್ದಳು. ಅಲ್ಲಿಗೆ ಹೋಗುತ್ತೇನೆ ಎಂದಳು. "ನೀನು ಉಷಾರು ಕಣಮ್ಮೀ. ನಿನ್ ಮೇಲೆ ಕೈಯೆತ್ತುದ್ರೆ ಫೋನ್ ಮಾಡು, ಬತ್ತೀನಿ" ಎಂದು ನನ್ನ ಗಲ್ಲ ಸವರಿ, ಸೆರಗು ಹೊದ್ದು ನಡೆದಳು.

ಅಕ್ಕ ಮತ್ತೆ ನಮ್ಮ ಮನೆಗೆ ಬರಲಿಲ್ಲ. ಈಗ ಹೊಲಿಗೆ ಕೆಲಸ ಮಾಡಿಕೊಂಡಿದ್ದಾಳೆ. ಭಾವನ ಕೈ ಕೂಡಿಕೊಂಡಿತು, ಸ್ವಲ್ಪ ಸೊಟ್ಟಗೆ. ಅಂದಿನಿಂದ ಅವರು ಯಾರ ಮೇಲೂ ಕೈ ಮಾಡಿಲ್ಲ. ಪಶ್ಚಾತ್ತಾಪವೋ, ಭಯವೋ ನನಗೆ ತಿಳಿಯದು. ಅವರು ಅಡುಗೆಮನೆಯ ಬಾಗಿಲಿಗೆ ಬಂದು ಊಟ ಕೇಳಿದರೆ ನಾನು ಈಗಲೂ ಬೆನ್ನು ಗೋಡೆಗೆ ಕೊಟ್ಟುಕೊಂಡೇ ಬಡಿಸುತ್ತೇನೆ.