ನೀಲಿ ಹೂವಿನ ಬಟ್ಟಲು

ನಿನ್ನೆ ಅಥಣಿಯಲ್ಲಿ ನಮ್ಮ ಆಫೀಸಿನ ಮೇಡಂ ತಮ್ಮ ಮನೆಯ ಗಾಜಿನ ಕಪಾಟು ತೆರೆದು, ಕೂಡಿಸಿಟ್ಟ ಪಿಂಗಾಣಿಯನ್ನೆಲ್ಲ ತೋರಿಸಿದರು. ಹೊಸ ಕಾಲದ ಒರಟು ಬಟ್ಟಲುಗಳ ನಡುವೆ ಹಳೆಯ ಜೋಡಿಯೊಂದಿತ್ತು, ನೀಲಿ ಹೂವಿನದು. ಕುಡಚಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತಂತೆ. "ನಿಮಗ ಇದರಾಗನ ಚಾ ಕೊಡ್ತೀನ್ರಿ," ಎಂದರು.

ಆ ಹೂವು ನನಗೆ ಗೊತ್ತು. ಉಗಾರದಲ್ಲಿ ಅವ್ವ ಕಬ್ಬಿನ ಕಳೆ ತೆಗೆಯಲು ಹೋಗುತ್ತಿದ್ದ ಮಾಲಕರ ಮನೆಯ ಹಿತ್ತಲ ಗೋಡೆಯ ಗೂಡಿನಲ್ಲಿ ಅಂಥದೇ ಬಟ್ಟಲಿತ್ತು, ಅಂಚು ಒಡೆದದ್ದು. ಮನೆಯವರಿಗೆಲ್ಲ ಸ್ಟೀಲಿನ ಲೋಟ, ಅವ್ವನಿಗೆ ಮಾತ್ರ ಹೂವಿನ ಬಟ್ಟಲು. ಮಾಲಕರ ಹೆಂಡತಿ ಪಾತ್ರೆ ತಾಗದಂತೆ ಮೇಲಿನಿಂದ ಚಹಾ ಸುರಿಯುತ್ತಿದ್ದರು. ಕುಡಿದ ಮೇಲೆ ಅವ್ವ ತಾನೇ ತೊಳೆದು, ಗೂಡಿನಲ್ಲಿ ಬೋರಲು ಹಾಕುತ್ತಿದ್ದಳು.

ನನಗೋ ಹಿಗ್ಗು. "ಎವ್ವಾ, ಅವರ ಮನ್ಯಾಗ ಎಲ್ಲಾಕ್ಕಿಂತ ಛಲೋ ಬಟ್ಟಲಾ ನಮಗ ಇಟ್ಟಾರ ನೋಡು!" ಎಂದಿದ್ದೆ.

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಹೌದವ್ವಾ, ನಮಗಂತನ ಇಟ್ಟಾರ," ಎಂದಳು. ಅವಳು ಸುಳ್ಳು ಹೇಳಿರಲಿಲ್ಲ. ಅದು ತಿಳಿಯುವಷ್ಟರಲ್ಲಿ ನಾನು ದೊಡ್ಡವಳಾಗಿದ್ದೆ.

ನಿನ್ನೆ ಮೇಡಂ ನನ್ನ ಪಕ್ಕದಲ್ಲೇ ಕೂತು, ಅಂಥದೇ ಇನ್ನೊಂದು ಬಟ್ಟಲಿನಲ್ಲಿ ಕುಡಿದರು. ಮಾತು ಮುಗಿದಾಗ ನೋಡಿಕೊಂಡರೆ, ನಾನು ಅವರ ಅಡುಗೆಮನೆಯ ನಲ್ಲಿಯ ಮುಂದೆ ನಿಂತಿದ್ದೆ. ನನ್ನ ಬಟ್ಟಲನ್ನು ತೊಳೆದು, ಉಳಿದ ಪಾತ್ರೆಗಳಿಂದ ದೂರ, ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ್ದೆ.

"ಅಯ್ಯ, ನೀವ್ಯಾಕ ತೊಳದ್ರಿ?" ಎಂದರು.

"ರೂಢಿ ರೀ," ಎಂದೆ.